ಮೂರು ಸರ್ಕಾರದ ಓಟ ಮತ್ತು ಗದ್ವಾಲದ ಸೀರೆ

ನಾನು ಬದುಕಿನಲ್ಲಿ ಓಡಿದವನಲ್ಲ. ಬಸ್ಸು ಹೊರಟುಹೋದರೆ ಇನ್ನೊಂದು ಬಂದೀತು ಎಂದು ನಿಂತವನು. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಅದಕ್ಕೇ ಬೇಸರವಾಗಲಿ ಎಂದು ನಿಂತವನು. ಹಾಗೆ ನಿಂತದ್ದರ ಗುರುತು ಎಡಗಾಲಿನ ಮೇಲೆ ಇನ್ನೂ ಇದೆ. ಇಂಥವನು ಒಂದು ಕಾಲದಲ್ಲಿ ಅಂತರರಾಷ್ಟ್ರೀಯ ಓಟಕ್ಕೆ ತೀರ್ಪುಗಾರನಾಗಿದ್ದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನನ್ನ ಅಕ್ಕ ನಾಗಮ್ಮ ನಿಮಗಿಂತ ಮೊದಲೇ ನಕ್ಕು ಮುಗಿಸಿದ್ದಾಳೆ.

ಅಂತರರಾಷ್ಟ್ರೀಯ ಎನ್ನುವುದು ನಾನೇ ಬೋರ್ಡಿನ ಮೇಲೆ ಬರೆದ ಮಾತು, ಆದ್ದರಿಂದ ಸಮರ್ಥಿಸಿಕೊಳ್ಳಬೇಕು. ಆಗ ನಿಜಾಮರ ಕಾಲ. ನನ್ನ ಊರು ನೇಕಾರರ ನಾರಾಯಣಪೇಟೆ, ನೌಕರಿ ಹತ್ತಿರದ ಮಕ್ತಲ್ ಶಾಲೆಯಲ್ಲಿ ಮೇಷ್ಟ್ರದು. ಪ್ರತಿವರ್ಷ ಸಂಕ್ರಾಂತಿ ಕಳೆದು ಬರುವ ಅಮಾವಾಸ್ಯೆಯ ದಿನ ಮಕ್ತಲ್‌ನಿಂದ ಗದ್ವಾಲಕ್ಕೆ ಓಟ. ರಸ್ತೆ ಹಿಡಿಯುವಂತಿಲ್ಲ. ಜೋಳದ ಹೊಲ, ಬದು, ಜಾಲಿಮುಳ್ಳು, ಮೊಣಕಾಲುದ್ದಕ್ಕೆ ಸೊರಗಿದ ಕೃಷ್ಣೆ, ಆಮೇಲೆ ಮತ್ತೆ ಹೊಲ. ಹೊರಡುವ ನೆಲ ನಿಜಾಮ ಸರ್ಕಾರದ್ದು. ಹೊಳೆ ದಾಟಿದರೆ ಗದ್ವಾಲ ಸಂಸ್ಥಾನ, ಅದಕ್ಕೆ ಅದರದೇ ರಾಜರು. ತುಂಗಭದ್ರೆಯ ಆಚೆ ಕರ್ನೂಲಿನಿಂದ ಬರುವವರೋ ಬ್ರಿಟಿಷ್ ಪ್ರಜೆಗಳು. ಸುಂಕದ ನಾಕೆಯಲ್ಲಿ ಬುತ್ತಿಗಂಟು ಬಿಚ್ಚಿ ತೋರಿಸಿಯೇ ಬರಬೇಕು. ಮೂರು ಸರ್ಕಾರ ಸಾಲದೆಂದರೆ ನಾನೇನು ಮಾಡಲಿ? ನಮ್ಮ ಸುತ್ತ ಇದ್ದದ್ದೇ ಅಷ್ಟು.

ಓಟ ಹುಟ್ಟಿದ್ದು ಜಗಳದಿಂದ. ಗಟ್ಟು ಎಂಬ ಊರಿನ ಒಂದು ಮದುವೆಗೆ ನಾರಾಯಣಪೇಟೆಯಿಂದ ಒಬ್ಬ, ಗದ್ವಾಲದಿಂದ ಒಬ್ಬ, ಸೀರೆ ಹೊತ್ತು ಓಡಿದರಂತೆ. ಯಾರು ಮೊದಲು ಮುಟ್ಟಿದರು ಎಂಬುದಕ್ಕೆ ಎರಡೂ ಊರಿನಲ್ಲಿ ಬೇರೆ ಬೇರೆ ಇತಿಹಾಸವಿದೆ. ಮದುಮಗಳು ಮೂರನೆಯದೊಂದು ಸೀರೆ ಉಟ್ಟಳು ಎಂಬುದರಲ್ಲಿ ಮಾತ್ರ ಒಮ್ಮತ. ಅಂದಿನಿಂದ ಕಟ್ಟಳೆ ಹೀಗೆ: ಸೋತ ಊರು ಗೆದ್ದವನ ಹೆಂಡತಿಗೆ ಸೀರೆ ನೇಯ್ದು ಕಳಿಸಬೇಕು. ಕರ್ನೂಲಿನವರು ಗೆದ್ದರೆ ಏನು ಎಂದು ಯಾರೂ ಬರೆದಿಡಲಿಲ್ಲ, ಅವರು ಗೆದ್ದಾರೆಂದು ಯಾರೂ ಎಣಿಸಿರಲಿಲ್ಲ.

ಗೆಲ್ಲುತ್ತಿದ್ದದ್ದು ಗದ್ವಾಲದ ನೇಕಾರ ವೆಂಕಟಯ್ಯ, ಏಳು ವರ್ಷ ಒಂದೇ ಸಮನೆ. ನಾರಾಯಣಪೇಟೆಯ ನಾವು ಬಲವಾದ ಕಾಲುಗಳನ್ನು ಹುಡುಕಿ ಹುಡುಕಿ ಕಳಿಸುತ್ತಿದ್ದೆವು. ಒಂದು ವರ್ಷ ದಾಮರಗಿದ್ದದ ಕುರಿಗಾಹಿ. ಅವನು ದಾರಿಯಲ್ಲಿ ಯಾರದೋ ಕುರಿ ಕುಂಟುವುದನ್ನು ಕಂಡು ಮದ್ದು ಅರೆಯುತ್ತ ಕೂತ. ಮರುವರ್ಷ ಧನ್ವಾಡದ ಪೈಲ್ವಾನ. ಅವನು ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದ, ಉಂಡ, ಮಲಗಿದ. ಪ್ರತಿ ಸೋಲಿಗೂ ಒಂದು ಸೀರೆ. ಅದನ್ನು ನೇಯುವ ಪಾಳಿ ಹೇಗೋ ನಮ್ಮ ಭಾವ ಶರಣಪ್ಪನ ಮಗ್ಗಕ್ಕೇ ಬರುತ್ತಿತ್ತು, ನೂಲು ಸುತ್ತುವ ಪಾಳಿ ಅಕ್ಕನಿಗೆ.

"ಏಳು ಸೀರಿ ಆದುವು ನೋಡಪಾ ತಮ್ಮಾ," ಎಂದಳು ಅಕ್ಕ ಒಂದು ದಿನ, ರಾಟೆ ನಿಲ್ಲಿಸಿ. "ಸುತ್ತಾಕಿ ನಾನು, ಉಟ್ಕೊಂಡು ಮೆರಿಯಾಕಿ ವೆಂಕಟಯ್ಯನ ಹೇಂತಿ. ಗದ್ವಾಲದೋರು ಒಂದ ಸಲ ನನಗಂತ ಕೂತು ನೇಯಬೇಕು. ಅದನ್ನ ಉಡದ ನಾ ಸಾಯಂಗಿಲ್ಲ."

"ಯಾರನ್ನ ಓಡಿಸೂಣು ಹೇಳು?" ಎಂದೆ.

"ಇವರನ್ನ," ಎಂದು ಮಗ್ಗದ ಕುಣಿಯಲ್ಲಿ ಕೂತಿದ್ದ ಗಂಡನ ಕಡೆ ಕೈ ಮಾಡಿದಳು.

ಭಾವ ಗಾಬರಿಯಾದ. "ಅಲ್ಲೇ, ನನ್ನ ಕಾಲೇನೋ ಆಡ್ತಾವ. ಆದ್ರ ಕುಂತಲ್ಲೇ ಆಡ್ತಾವಲ್ಲ!"

ಮಾತು ನಿಜ. ದಿನವಿಡೀ ಕಾಲಾಡಿಸಿಯೂ ಒಂದು ಗೇಣು ಮುಂದೆ ಹೋಗದ ಜನ ಲೋಕದಲ್ಲಿ ನೇಕಾರರೊಬ್ಬರೇ ಇರಬೇಕು. ಭಾವನ ಹೆಸರು ಇದ್ದದ್ದು ಬೆರಳಿಗೆ. ಹರಿದ ಎಳೆ ಕೂಡಿಸುವುದರಲ್ಲಿ ನಾರಾಯಣಪೇಟೆಯಲ್ಲಿ ಅವನಿಗೆ ಸಾಟಿಯಿರಲಿಲ್ಲ. ಆದರೆ ಅಕ್ಕ ಹಟ ಹಿಡಿದರೆ ಹಿಡಿದಳೇ. ಆರು ತಿಂಗಳು ಬೆಳಗಾದರೆ ಅವನನ್ನು ಕೆರೆಯ ಸುತ್ತ ಓಡಿಸಿದಳು. ತಾನು ಏರಿಯ ಮೇಲೆ ಕೂತು ನೂಲು ಸುತ್ತುತ್ತಿದ್ದಳು.

ಇಲ್ಲಿ ನನ್ನ ತಪ್ಪು ಹೇಳಿಬಿಡಬೇಕು. ಓಟಕ್ಕೆ ಅಮಾವಾಸ್ಯೆ ಯಾಕೆ? ಅಂದು ಮಗ್ಗಗಳಿಗೆ ರಜೆ, ಗದ್ವಾಲದ ನೇಕಾರರ ಗಲ್ಲಿ ಖಾಲಿ ಇರುತ್ತದೆ, ಓಟಗಾರರು ಅದರೊಳಗಿಂದಲೇ ಹಾದು ಆಚೆಯ ಬೇವಿನ ಮರದ ಕೆಳಗಿನ ಗೆರೆ ಮುಟ್ಟಬೇಕು. ಆ ವರ್ಷ ತಾರೀಖು ಗೊತ್ತು ಮಾಡುವ ಗೌರವ ನನಗೆ ಬಂತು. ನಾನೋ ಓದಿದವನು! ಪಂಚಾಂಗ ಯಾಕೆಂದು ಶಾಲೆಯಲ್ಲಿದ್ದ ನಿಜಾಮ ಸರ್ಕಾರದ ಫಸಲಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಚಂದ್ರ ಸರ್ಕಾರಿ ನೌಕರನಲ್ಲ ಎಂಬುದು ಹೊಳೆಯಲಿಲ್ಲ. ಒಂದು ದಿನ ತಪ್ಪಿ ಪಾಡ್ಯದ ದಿನ ಓಟ ಇಟ್ಟೆ.

ನಾನು ಹಿಂದಿನ ರಾತ್ರಿಯೇ ಗದ್ವಾಲ ಮುಟ್ಟಿದ್ದೆ. ಬೆಳಿಗ್ಗೆ ಬೇವಿನ ಮರದ ಕಡೆ ಹೊರಟವನು ಗಲ್ಲಿ ನೋಡಿ ಬೆವತುಹೋದೆ. ಈ ಗೋಡೆಯಿಂದ ಆ ಗೋಡೆಗೆ ಓರೆಯಾಗಿ, ಇಡೀ ಗಲ್ಲಿಗೆ ಅಡ್ಡಲಾಗಿ, ಸೀರೆಯ ಹಾಸು, ಮಗ್ಗಕ್ಕೆ ಏರಬೇಕಾದ ಉದ್ದನೆಯ ಎಳೆಗಳನ್ನು, ಎಳೆದು ಕಟ್ಟಿದ್ದರು. ಸಾವಿರಾರು ಎಳೆ, ಮೇಲೆ ಹಸಿ ಗಂಜಿ. ಬಾಲಮ್ಮ ಎಂಬ ಮುದುಕಿ ಕುಂಚ ಹಿಡಿದು ಗಂಜಿ ತೀಡುತ್ತಿದ್ದಳು.

"ಅಮ್ಮಾ, ಓಟದೋರು ಬರ್ತಾರ!" ಎಂದೆ.

"ಬರ್ಲಿ ಬಿಡ್ರಿ ಪಂತುಲು," ಎಂದಳು; ಮೇಷ್ಟ್ರಿಗೆ ಆ ಕಡೆ ಹಾಗೇ ಎನ್ನುತ್ತಾರೆ. " ಕೇಳಿದ್ರ ತುದೀ ಹಗ್ಗ ಸಡಲಿಸಿ ದಾರಿ ಬಿಡ್ತೀನಿ. ನಿಮ್ಮ ಓಟಕ್ಕ ಬಿಸಲು ಕಾಯ್ತೈತೇನು?"

ಕೇಳಿದರೆ ತಾನೇ! ಮೊದಲು ಬಂದವನು ಕರ್ನೂಲಿನ ಹುಸೇನಪ್ಪ. ಟಪಾಲು ಹೊತ್ತು ಊರೂರು ಓಡುವವನು. ಸೊಂಟದ ಗೆಜ್ಜೆಪಟ್ಟಿ ಕಿವಿಗೆ ಬೀಳದಿದ್ದರೆ ಅವನ ಕಾಲು ಏಳುವುದಿಲ್ಲವಂತೆ. ಟಪಾಲಿಲ್ಲದ ದಿನವೂ ಅದನ್ನು ಕಟ್ಟಿಕೊಂಡೇ ಓಡಿದ್ದ. ನೇಕಾರನಲ್ಲದ ಅವನಿಗೆ ಹಾಸು ಅಂದರೆ ಬರೀ ದಾರ. ಬಗ್ಗಿ ನುಸುಳಿದ. ಗೆಜ್ಜೆ ಎಳೆಗೆ ಸಿಕ್ಕಿಕೊಂಡಿತು. ಪಟಪಟನೆ ಎಳೆಗಳು ಹರಿದವು.

"ಆಗು ರಾ, ಆಗು!" ನಿಲ್ಲೋ ನಿಲ್ಲು ಎಂದು ಬಾಲಮ್ಮ ತೆಲುಗಿನಲ್ಲಿ ಕೂಗಿ, ಅವನ ಗೆಜ್ಜೆಪಟ್ಟಿ ಹಿಡಿದು ನಿಲ್ಲಿಸಿ, ಜಗಲಿಯ ಮೇಲೆ ಕೂಡಿಸಿದಳು. ಬ್ರಿಟಿಷ್ ಪ್ರಜೆ ಕೈಕಟ್ಟಿ ಕೂತ.

ಅಷ್ಟರಲ್ಲಿ ಬಂದರು ಇಬ್ಬರು. ವೆಂಕಟಯ್ಯ ಮುಂದೆ, ಹತ್ತು ಹೆಜ್ಜೆ ಹಿಂದೆ ನಮ್ಮ ಭಾವ, ಮೈಯೆಲ್ಲ ಧೂಳು, ಮೊಣಕಾಲಿನಲ್ಲಿ ರಕ್ತ. ಹಾಸು ಕಂಡದ್ದೇ ಇಬ್ಬರೂ ಗೂಟ ಜಡಿದ ಹಾಗೆ ನಿಂತರು. ಮಲಗಿದ ಕೂಸನ್ನು ಹೇಗೆ ದಾಟುವುದಿಲ್ಲವೋ ಹಾಗೆ ಹಾಸನ್ನು ನೇಕಾರ ದಾಟುವುದಿಲ್ಲ. ಹರಿದ ಎಳೆ ಇರುವಾಗ ತುದಿ ಸಡಿಲಿಸುವ ಹಾಗೂ ಇಲ್ಲ, ಎಲ್ಲವೂ ಸಿಕ್ಕಾಗಿಬಿಡುತ್ತದೆ. ಗಂಜಿ ಬೇರೆ ಒಣಗುತ್ತಿತ್ತು.

ಬಾಲಮ್ಮ ಇಬ್ಬರನ್ನೂ ನೋಡಿದಳು, ಹರಿದ ಎಳೆಗಳನ್ನೂ ನೋಡಿದಳು. "ಅರ್ಧ ನೀನು ಕೂಡಸು, ಅರ್ಧ ಅಂವ ಕೂಡಸ್ಲಿ. ಯಾರದು ಮೊದ್ಲ ಮುಗೀತೈತೋ ಅವರಿಗೆ ದಾರಿ," ಎಂದಳು.

ನನ್ನ ನಿಯಮದ ಪುಸ್ತಕದಲ್ಲಿ ಇದು ಇರಲಿಲ್ಲ. ಆದರೆ ಆ ಮುದುಕಿಯ ಕೈಯಲ್ಲಿ ಕುಂಚವಿತ್ತು, ನಾನು ಪುಸ್ತಕ ಮುಚ್ಚಿದೆ.

ಏಳು ವರ್ಷ ನಾವು ಕಾಲು ಕಳಿಸಿ ಸೋತಿದ್ದೆವು. ಈಗ ನೋಡಿ, ಬೆರಳಿನ ಸರದಿ! ಭಾವ ಮಂಡಿಯೂರಿದ. ಏದುಸಿರಿಗೆ ಎದೆ ತಿದಿಯಾಗಿತ್ತು, ಬೆರಳು ಮಾತ್ರ ಒಂದಿಷ್ಟೂ ನಡುಗಲಿಲ್ಲ. ಗಂಜಿಗೆ ಹೆಬ್ಬೆರಳು ಅದ್ದುತ್ತಾನೆ, ಎರಡು ತುದಿ ಹಿಡಿಯುತ್ತಾನೆ, ಹೊಸೆಯುತ್ತಾನೆ, ಮುಂದಿನದು. ವೆಂಕಟಯ್ಯನೂ ಕಡಿಮೆಯವನಲ್ಲ. ಇಡೀ ಗಲ್ಲಿ ಬಾಗಿಲಿಗೆ ಬಂದು ನಿಂತಿತು. ಜಗಲಿಯಿಂದ ಹುಸೇನಪ್ಪ ಮೆಲ್ಲಗೆ ಇಳಿದು ಬಂದು, "ನನ್ನಿಂದ ಆದದ್ರೀ, ಒಂದು ನಾ ಕಟ್ತೀನಿ," ಎಂದು ಇಬ್ಬರ ಪಾಲಿಗೂ ಸೇರದ ಅಂಚಿನ ಒಂದು ಎಳೆಗೆ ಟಪಾಲು ಚೀಲಕ್ಕೆ ಹಾಕುವಂಥ ಗಂಟು ಹಾಕಿದ.

"ಆತು!" ಎಂದ ಭಾವ. ವೆಂಕಟಯ್ಯನ ಕೈಯಲ್ಲಿ ಇನ್ನೂ ಮೂರು ಎಳೆಗಳಿದ್ದವು.

ಬಾಲಮ್ಮ ಭಾವನ ಪಾಲನ್ನು ಬೆರಳಾಡಿಸಿ ನೋಡಿದಳು, ಉಳಿದ ಮೂರು ಎಳೆಗಳನ್ನು ತಾನೇ ಎತ್ತಿ ಹಿಡಿದಳು, ಹಗ್ಗ ಸಡಿಲಿಸಿದಳು. ಹಾಸು ಬಾಗಿಲಿನಂತೆ ಒಂದು ಬದಿಗೆ ಸರಿಯಿತು. ಭಾವ ಹಾರಿದ! ಆಗ ನನಗೆ ನೆನಪಾಯಿತು, ತೀರ್ಪುಗಾರ ಗೆರೆಯ ಹತ್ತಿರ ಇರಬೇಕಲ್ಲವೇ ಎಂದು. ಅಯ್ಯೋ ದೇವರೇ ಎಂದು ಧೋತರ ಎತ್ತಿ ಕಟ್ಟಿ, ಹಾಸಿನ ಆಚೆ ಮರದ ಬದಿಗೇ ನಿಂತಿದ್ದ ನಾನೂ ಓಡಿದೆ. ಬಾಳಿನಲ್ಲಿ ಅದೊಂದೇ ಸಲ. ಹಿಂದೆ ಭಾವನ ಹೆಜ್ಜೆ, ಅದರ ಹಿಂದೆ ಗದ್ವಾಲದವರೆಲ್ಲರ ಕೇಕೆ; ತಮ್ಮ ಊರು ಸೋಲುತ್ತಿದ್ದರೂ ಅವರು ಕೂಗಿದ್ದು ಶರಣಪ್ಪನ ಹೆಸರನ್ನೇ. ನ್ಯಾಯವಾಗಿ ನೋಡಿದರೆ ಆ ವರ್ಷ ಗೆರೆ ಮೊದಲು ಮುಟ್ಟಿದವನು ನಾನು. ದಾಖಲೆಯಲ್ಲಿ ಭಾವನ ಹೆಸರೇ ಬರೆದೆ, ಅಕ್ಕನ ಭಯಕ್ಕೆ.

ಮರುವರ್ಷ ಗೆಜ್ಜೆ ನಿಷೇಧಿಸಿದೆವು. ಹಾಸನ್ನು ಮಾತ್ರ ಗದ್ವಾಲದವರು ಬೇಕೆಂದೇ, ಒಂದಷ್ಟು ಎಳೆ ಕಡಿದಿಟ್ಟು, ಅಡ್ಡ ಕಟ್ಟತೊಡಗಿದರು. ಎಳೆ ಕೂಡಿಸದವನಿಗೆ ಗೆಲುವಿಲ್ಲ ಎಂಬುದು ಓಟದ ಕಾನೂನೇ ಆಗಿಹೋಯಿತು. ನನ್ನ ತಪ್ಪು ಲೆಕ್ಕ ಸಂಪ್ರದಾಯವಾದದ್ದನ್ನು ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಆ ವರ್ಷ ಗೆದ್ದ ಸೀರೆಯೂ ಬಂತು. ಬಾಲಮ್ಮ ಅದೇ ಹಾಸಿನಲ್ಲಿ ನೇಯ್ದಿದ್ದಳು. ನಾನೇ ನಾರಾಯಣಪೇಟೆಗೆ ಒಯ್ದುಕೊಟ್ಟೆ. ಅಕ್ಕ ಜರಿ ನೋಡಲಿಲ್ಲ, ಸೆರಗು ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿದಳು. "ಇದು ಇವರ ಕೈ," ಎಂದಳು. ತುಸು ಮುಂದೆ ಹೋಗಿ, "ಇದು ಬ್ಯಾರೆ ಕೈ. ವೆಂಕಟಯ್ಯಂದಿರಬೇಕು. ಚಲೋ ಕೈ." ಅಂಚಿಗೆ ಬಂದವಳು ತಟಕ್ಕನೆ ನಿಂತಳು. "ಇದ್ಯಾರದೋ? ಸಾಸಿವಿ ಕಾಳು ಕೂತಂಗ ಐತಿ!"

ಹುಸೇನಪ್ಪನ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ಆ ನೀರು ನಗುವಿನದಾಗಿರಲಿಲ್ಲ. ಕತ್ತರಿ ಕೊಡು, ಆ ಗಂಟು ತೆಗೆದುಬಿಡುತ್ತೇನೆ ಎಂದೆ.

"ಮುಟ್ಟಿದ್ರ ಕೈ ಮುರೀತೀನಿ," ಎಂದಳು. "ಮೂರು ಸರ್ಕಾರ ಕೂಡಿ ನನಗಂತ ಮಾಡಿದ ಸೀರಿ ಇದು."

ನಿಜಾಮ ಸರ್ಕಾರ ಹೋಯಿತು, ಸಂಸ್ಥಾನ ಹೋಯಿತು, ಬ್ರಿಟಿಷರೂ ಹೋದರು. ಸೀರೆ ಈಗ ಅಕ್ಕನ ಮೊಮ್ಮಗಳ ಹತ್ತಿರ ಇದೆ. ಮೊನ್ನೆ ಅವಳು ಉಟ್ಟಾಗ ಮುದುಕನ ಸಲಿಗೆಯಿಂದ ಅಂಚು ಹಿಡಿದು ನೋಡಿದೆ. ಜರಿ ಮಾಸಿದೆ, ಮಡಿಕೆಯಲ್ಲಿ ಬಟ್ಟೆ ಸವೆದಿದೆ. ಟಪಾಲಿನವನ ಗಂಟು ಮಾತ್ರ ಬಿಚ್ಚಿಲ್ಲ.