ಕಡೆ ಕಾಲುವೆಯ ನೀರಗಂಟಿ

ಅವರ ಕಾಲುಗಳಿಗೆ ಎರಡು ಬಣ್ಣ. ಮಂಡಿಯವರೆಗೆ ಕಡುಗಪ್ಪು, ಅಲ್ಲಿಂದ ಕೆಳಗೆ ನೀರಿನಲ್ಲಿ, ಕೆಸರಿನಲ್ಲಿ ನೆನೆದೂ ನೆನೆದೂ ಬೂದಿ ಬಳಿದಂತೆ ಬಿಳಿಚಿದ ಚರ್ಮ. ಯಳಂದೂರಿನ ನಮ್ಮ ಶಾಲೆಯ ವರಾಂಡದಲ್ಲಿ ಅವರು ಮೊದಲ ಸಲ ಬಂದು ಕೂತಾಗ ಮುಖಕ್ಕಿಂತ ಮುಂಚೆ ನಾನು ನೋಡಿದ್ದು ಆ ಕಾಲುಗಳನ್ನೇ. ಪಕ್ಕದ ಊರಿನ ಕೆರೆಗೆ ಐವತ್ತು ವರ್ಷ ನೀರಗಂಟಿಯಾಗಿದ್ದವರು. ತೂಬು ಎತ್ತಿ ಕಾಲುವೆಗೆ ನೀರು ಬಿಡುವುದು, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ಎಂದು ಸರದಿ ನಡೆಸುವುದು ಅವರ ಕೆಲಸ. ಊರವರು ಯಜಮಾನ್ರು ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಆಗ ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ತಾಲ್ಲೂಕಿನ ಕೆರೆ ಕಾಲುವೆಗಳ ಬಗ್ಗೆ ಒಂದು ವಿಕಿ ಶುರು ಮಾಡಿದ್ದೆವು. ಕೆರೆಗೊಂದು ಪುಟ. ಗೊತ್ತಿದ್ದವರು ಇಂಟರ್‌ನೆಟ್ಟಿನಲ್ಲಿ ಬರೆಯಬಹುದು, ತಪ್ಪು ಕಂಡವರು ತಿದ್ದಬಹುದು. ಇದನ್ನೆಲ್ಲ ನಾನು ದೊಡ್ಡ ಪಂಡಿತನ ಗತ್ತಿನಲ್ಲಿ ವಿವರಿಸಿದೆ. ಅವರು ಅಕ್ಷರ ಕಲಿತವರಲ್ಲ, ಆದರೆ ಕೇಳಿದ್ದು ಒಂದೇ ಪ್ರಶ್ನೆ.

"ಯಾರ್ ಬೇಕಾದ್ರೂ ತಿದ್ಬೋದಾ ಸಾ?"

"ಹೂಂ ಯಜಮಾನ್ರೇ, ಯಾರು ಬೇಕಾದ್ರೂ."

"ಅಂಗಾರೆ ಅದೂ ಕಾಲ್ವೆನೇ ಕಣ್ರಿ. ಯಾರ್ ಬೇಕಾದ್ರೂ ಗುದ್ಲಿ ಆಕ್ಬೋದು. ಕಾಯೋರ್ ಯಾರು?"

"ನಾನೇ" ಅಂದೆ. ಎಷ್ಟು ಸಲೀಸಾಗಿ ಅಂದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಯಾರಾದರೂ ಅಳಿಸಿದರೂ ಹಳೆಯ ಬರಹ ಒಳಗೆ ಉಳಿದಿರುತ್ತದೆ, ಒಂದು ಗುಂಡಿ ಒತ್ತಿದರೆ ವಾಪಸ್ ತರಬಹುದು ಎಂದೂ ಹೇಳಿದೆ. ಅದು ಅವರಿಗೆ ಬಹಳ ಹಿಡಿಸಿತು.

ಕೂತು ಹೇಳಿ ಎಂದರೆ ಅವರು ಒಪ್ಪುತ್ತಿರಲಿಲ್ಲ. "ಕೂತ್ಕಂಡ್ ಯೋಳಿದ್ರೆ ಸುಳ್ಳು ಸೇರ್ಕತದೆ ಸಾ. ನಡ್ಕಂಡ್ ಯೋಳ್ತೀನಿ" ಎಂದು ನನ್ನನ್ನು ಕೆರೆ ಏರಿಯ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಅವರು ಮುಂದೆ, ನಾನು ಪುಸ್ತಕ ಹಿಡಿದು ಏದುಸಿರು ಬಿಡುತ್ತ ಹಿಂದೆ. ಯಾವ ಕಲ್ಲಿನ ಹತ್ತಿರ ಕಾಲುವೆ ಒಡೆಯುತ್ತದೆ, ಎಲ್ಲಿ ಏಡಿ ಬಿಲ ತೋಡಿ ನೀರು ಸೋರುತ್ತದೆ, ಎಲ್ಲ ಬಾಯಲ್ಲೇ. ಭಾನುವಾರಗಳು ಹೀಗೆ ಕಳೆದವು. ನನ್ನ ಹೆಂಡತಿ, "ನೀವೂ ನೀರಗಂಟಿನೇ ಆಗ್ಬಿಡಿ, ಸಂಬಳ ಮಾತ್ರ ಮನೆಗೆ ಕೊಡಿ" ಎಂದು ರೇಗಿಸುತ್ತಿದ್ದಳು.

ಅವರ ಒಂದು ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಒಂದು ಸಲ ನಮ್ಮ ಕಣ್ಣೆದುರೇ, ಸರದಿ ಇಲ್ಲದ ಒಬ್ಬ ರೈತ ಕಾಲುವೆ ಕಡಿದು ಗದ್ದೆಗೆ ನೀರು ತಿರುಗಿಸಿಕೊಂಡಿದ್ದ. ನಾನು ಕೂಗಾಡಲು ಹೊರಟೆ. ಯಜಮಾನರು ನನ್ನ ತೋಳು ಹಿಡಿದು ನಿಲ್ಲಿಸಿ, ಅವನನ್ನು ಸುಮ್ಮನೆ ಕೇಳಿದರು: "ನೀರ್ ಸಾಕಾಯ್ತೇನ್ಲಾ?" ಅವನು "ಊಂ ಯಜಮಾನ್ರೇ" ಅಂದ. ಮರುದಿನ ಬೆಳಿಗ್ಗೆ ಅದೇ ಪ್ರಶ್ನೆ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಅವನೇ ಗುದ್ದಲಿ ತಂದು, ಕಡಿದ ಜಾಗಕ್ಕೆ ಮಣ್ಣು ತುಳಿದು ಮುಚ್ಚಿದನಂತೆ. "ನಾನೇ ಮುಚ್ಚಿದ್ರೆ ನಾಳಿಕೆ ತಿರ್ಗಾ ಕಡೀತಾನೆ ಸಾ. ಅವ್ನೇ ಮುಚ್ಚಿದ್ರೆ ಕಡಿಯಾಕಿಲ್ಲ" ಅಂದರು ಯಜಮಾನರು.

ಅವರ ಜೀವವೆಲ್ಲ ಇದ್ದದ್ದು ಕಡೆ ಕಾಲುವೆಯಲ್ಲಿ. ಕೆರೆಯಿಂದ ದೂರ, ತಗ್ಗಿನಲ್ಲಿದ್ದ ಹತ್ತಾರು ತುಂಡು ಹೊಲಗಳಿಗೆ ನೀರು ಒಯ್ಯುತ್ತಿದ್ದ ಸಣ್ಣ ಕಾಲುವೆ ಅದು. ಯಾರೋ ಮಣ್ಣು ಸುರಿದು ಮಟ್ಟ ಮಾಡಿ ತೆಂಗಿನ ಸಸಿ ನೆಟ್ಟಿದ್ದರು. ನಾವು ಹೋದಾಗ ಅಲ್ಲಿ ಕಾಲುವೆಯ ಗುರುತೂ ಇರಲಿಲ್ಲ. ಆದರೆ ಯಜಮಾನರು ಅದರ ಅಂಕುಡೊಂಕಿನಲ್ಲೇ ನಡೆದರು, ನೀರು ಇನ್ನೂ ಹರಿಯುತ್ತಿದೆಯೇನೋ ಎಂಬಂತೆ. ಕೊನೆಯಲ್ಲಿ ನಿಂತು ಹೇಳಿದರು: "ನೆಲದ್ ಮ್ಯಾಲೆ ಮುಚ್ಕಂಡದೆ. ನಿಮ್ ಬರವಣ್ಗೆಲಾದ್ರೂ ತೆರ್ಕಂಡಿರ್ಲಿ ಸಾ. ಇಲ್ಲಿ ನೀರ್ ಬರ್ತಿತ್ತು ಅಂತ ನಾಕ್ ಜನಕ್ಕೆ ಗೊತ್ತಾಗ್ಲಿ."

ಅಂದೇ ಸಂಜೆ ಬರೆದೆ. ಎಷ್ಟು ಹೆಜ್ಜೆ, ಯಾವ ಮರ, ಯಾರ ಹೊಲ, ಎಲ್ಲವನ್ನೂ. ಮುಂದಿನ ಭಾನುವಾರ ಅವರ ಪಕ್ಕದಲ್ಲೇ ಕೂತು, ನನ್ನ ಫೋನಿನಲ್ಲಿ ಪುಟ ತೆರೆದು ಓದಿ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಂದ್ ಸಲ ಓದ್ರಿ" ಅಂದರು.

ಒಂದೆರಡು ವರ್ಷ ದಿನಾ ಬೆಳಿಗ್ಗೆ ಪುಟ ತೆರೆದು ನೋಡುತ್ತಿದ್ದೆ. ಆಮೇಲೆ ನನಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು; ಮನೆ ಯಳಂದೂರಿನಲ್ಲೇ ಉಳಿಯಿತು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಜೊತೆಯವರಲ್ಲಿ ಒಬ್ಬರು ಹನೂರಿನ ಕಡೆ ಹೋದರು, ಇನ್ನಿಬ್ಬರಿಗೆ ಬೇಜಾರು ಬಂತು. ಓಡಾಟ, ಪರೀಕ್ಷೆ, ಮಗಳ ಮದುವೆ ಅಂತ ವಿಕಿ ಮರೆತೇ ಹೋಯಿತು. ಯಜಮಾನರು ಮಾತ್ರ ಮರೆಯಲಿಲ್ಲ. ಸಂಜೆ ಬಸ್ಸಿಳಿದರೆ ಒಮ್ಮೊಮ್ಮೆ ಟೀ ಅಂಗಡಿಯ ಬೆಂಚಿನ ಮೇಲೆ ಸಿಗುತ್ತಿದ್ದರು. ಕಳೆದ ಯುಗಾದಿಯ ನಂತರವಂತೂ ಪ್ರತಿ ಶನಿವಾರ ತಪ್ಪದೆ ಕೂತಿರುತ್ತಿದ್ದರು. ಕ್ಷೇಮಸಮಾಚಾರ ಇಲ್ಲ, ಏನಿಲ್ಲ.

"ಕಡೆ ಕಾಲ್ವೆ ಅಲ್ಲೇ ಅದಾ ಸಾ?"

"ಅಲ್ಲೇ ಇದೆ ಯಜಮಾನ್ರೇ."

ನೋಡಿ ಹೇಳಿದ್ದಲ್ಲ. ಜೇಬಿನಲ್ಲಿ ಫೋನಿತ್ತು, ತೆಗೆಯಲಿಲ್ಲ. ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬ ಉಡಾಫೆ. ಒಂದು ಶನಿವಾರ ನನಗೆ ಕಿರಿಕಿರಿಯೂ ಆಗಿ, "ಎಷ್ಟು ಸಲ ಕೇಳ್ತೀರಿ?" ಅಂದುಬಿಟ್ಟೆ. ಅವರು ನಕ್ಕರು. ಮುಂದಿನ ಶನಿವಾರ ಮತ್ತೆ ಕೇಳಿದರು.

ದೀಪಾವಳಿ ಕಳೆದ ಮೇಲೆ ಎರಡು ಶನಿವಾರ ಅವರು ಕಾಣಲಿಲ್ಲ. ಎದೆನೋವು ಬಂದು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟರು ಎಂದು ಟೀ ಅಂಗಡಿಯವನೇ ಹೇಳಿದ. ತಿಥಿಯ ದಿನ ಅವರ ಮನೆಗೆ ಹೋದೆ. ಊಟವಾದ ಮೇಲೆ ಅವರ ಸೊಸೆ ನನ್ನ ಹತ್ತಿರ ಬಂದು ನಿಂತಳು. ಪಿಯುಸಿ ಓದಿದ ಹೆಣ್ಣುಮಗಳು.

"ಮಾವ ನಿಮ್ಮನ್ನ ಬಾಳ ನೆನೀತಿದ್ರು ಸಾ. ನೀವ್ ಬರ್ದಿದ್ನ ವಾರ ವಾರ ನನ್ ಫೋನ್‌ನಲ್ಲಿ ಓದುಸ್ಕಂಡು ಕೇಳೋರು."

ನನಗೆ ಹೆಮ್ಮೆಯಾಯಿತು. ಅದು ಇದ್ದದ್ದು ಒಂದು ಗಳಿಗೆ.

"ಯುಗಾದಿ ಆದ್ಮೇಲೆ ಒಂದಿನ ಓದ್ವಾಗ ಕಡೆ ಕಾಲ್ವೆದು ಇರ್ನಿಲ್ಲ ಸಾ. ಯಾರೋ ಅಳ್ಸಿದ್ರು. ಮೇಷ್ಟ್ರಿಗೆ ಫೋನ್ ಮಾಡ್ಲಾ ಮಾವ ಅಂದೆ. ಇಲ್ದಿದ್ರೆ ನಾನೇ ಆಕ್ತೀನಿ ಅಂದೆ. ಬ್ಯಾಡ ಕನವ್ವ, ಅದು ಮೇಷ್ಟ್ರು ಸರದಿ, ನಾ ಕೇಳ್ತೀನಿ ಅಂದ್ರು." ಆಮೇಲೆ ನನ್ನನ್ನೇ ಕೇಳಿದಳು: "ಕೇಳಿದ್ರಾ ಸಾ?"

ಕೇಳಿದ್ದರು. ಕಾಲುವೆ ಕಡಿದವನಿಗೆ ಮೂರು ದಿನ ಕೇಳಿದ್ದರು. ನನಗೆ ಯುಗಾದಿಯಿಂದ ದೀಪಾವಳಿಯವರೆಗೆ ಕೇಳಿದ್ದರು. ಆ ರೈತನಿಗೆ ನಾಲ್ಕನೆಯ ದಿನ ಅರ್ಥವಾದದ್ದು, ಇಷ್ಟೆಲ್ಲ ಓದಿಕೊಂಡ ನನಗೆ ಅಷ್ಟು ಶನಿವಾರವಾದರೂ ಅರ್ಥವಾಗಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿದ್ದೂ ಅವರು ನನ್ನ ಮೇಲೆ ನಂಬಿಕೆ ಬಿಟ್ಟಿರಲಿಲ್ಲ.

ಅವರ ಮನೆಯ ಜಗಲಿಯ ಮೇಲೇ ಕೂತು ಫೋನ್ ತೆಗೆದೆ. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಹಳೆಯ ಬರಹ ಒಳಗೇ ಇತ್ತು, ನಾನೇ ಅವರಿಗೆ ಹೇಳಿದ್ದಂತೆ. ಒಂದು ಗುಂಡಿ ಒತ್ತಿದೆ. ಹೆಜ್ಜೆ, ಮರ, ಹೊಲ ಎಲ್ಲ ವಾಪಸ್ ಬಂದವು. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸೊಸೆಗೆ ತೋರಿಸಿದೆ. ಅವಳು ಫೋನ್ ತೆಗೆದುಕೊಂಡು ಒಳಗೆ ಹೋಗಿ, ಮಾವನ ಫೋಟೋದ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದತೊಡಗಿದಳು. ಮುಗಿದ ಮೇಲೆ ಇನ್ನೊಂದು ಸಲ ಓದಿದಳು.

ಈಗ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಆ ಪುಟ ತೆರೆಯುತ್ತೇನೆ. ಎರಡು ಸಲ ಮತ್ತೆ ಅಳಿಸಿದ್ದರು, ಎರಡು ಸಲವೂ ವಾಪಸ್ ಹಾಕಿದ್ದೇನೆ. ಶನಿವಾರ ಸಂಜೆ ಬಸ್ಸಿಳಿದಾಗ ಕಣ್ಣು ಆ ಬೆಂಚಿನ ಕಡೆ ಹೋಗುತ್ತದೆ. ಅಲ್ಲೇ ಇದೆ ಯಜಮಾನ್ರೇ, ನೋಡಿಕೊಂಡೇ ಬಂದೆ, ಎಂದು ಹೇಳಬೇಕು. ಬೆಂಚಿನ ಮೇಲೆ ಬೇರೆ ಯಾರೋ ಕೂತಿರುತ್ತಾರೆ.