ಅರ್ಧ ಕೆಚ್ಚಿದ ಹಾಸು

ವಯಸ್ಸಾದವರು ದುಡಿಮೆ ಬಿಟ್ಟ ಮೇಲೆ ಹೇಗಿರುತ್ತಾರೆ ಎಂಬುದು ನನ್ನ ಅಧ್ಯಯನ. ಮುಧೋಳದಲ್ಲಿ ಸಕ್ಕರೆ ಕಾರ್ಖಾನೆಯವರನ್ನು, ಬೀಳಗಿಯಲ್ಲಿ ಮಾಸ್ತರರನ್ನು ಮಾತಾಡಿಸಿದ್ದೆ. ಎಲ್ಲರಿಗೂ ಒಂದು ಹಾರ, ಒಂದು ಶಾಲು, ಒಂದು ಫೋಟೋ. ಶಾಲು ಹೊದಿಸಿ ಮನೆಗೆ ಅಟ್ಟುವುದು ನಮ್ಮ ಜನಕ್ಕೆ ಎಷ್ಟು ಸಸಾರ!

ಕೊನೆಗೆ ಬನಹಟ್ಟಿಯ ನಮ್ಮ ಮನೆಗೇ ಬಂದೆ. ಅಪ್ಪ ಜೀವನವಿಡೀ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯ್ದವನು. ಅವ್ವ ತೀರಿದ ಮೇಲೆ ಮಗ್ಗ ಮುಟ್ಟಿರಲಿಲ್ಲ. ಮುಂಜಾನೆ ಎದ್ದು ಅದರ ಬದಿಗೆ ಕೂತರೆ ಊಟಕ್ಕೆ ಕರೆಯುವತನಕ ಏಳುತ್ತಿರಲಿಲ್ಲ.

"ಅಪ್ಪಾ, ನೀ ಕೆಲಸಾ ಯಾವಾಗ ಬಿಟ್ಟಿ?"

"ಯಾರ್ ಬಿಟ್ಟಾರ? ಹುಚ್ಚಿ ಹಂಗ ಕೇಳಬ್ಯಾಡ. ನೋಡಲ್ಲಿ, ಹಾಸು ಅರ್ಧಾ ಕೆಚ್ಚೇತಿ. ಉಳದದ್ದು ಕೆಚ್ಚಿದ್ರ ನಾಳಿಂದನ ಕುಂದರತೇನಿ."

ಒಂದು ಸೀರೆ ಮುಗಿದರೂ ನಮ್ಮಲ್ಲಿ ಮಗ್ಗ ಬರಿದು ಮಾಡುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ, ಎಂದರೆ ಉದ್ದ ನೂಲಿನ, ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಕೂಡಿಸುತ್ತೇವೆ. ಅದೇ ಕೆಚ್ಚುವುದು. ಎಲ್ಲ ಕೆಚ್ಚಿದ ಮೇಲೆ ಹಾಸನ್ನು ಮುಂದಕ್ಕೆ ಎಳೆದುಕೊಂಡರೆ ನೇಯ್ಗೆ ಶುರು. ನಮ್ಮ ಮನೆಯಲ್ಲಿ ಅದು ಅವ್ವನ ಕೆಲಸ. ಬೆರಳಿಗೆ ಬೂದಿ ಹಚ್ಚಿಕೊಂಡು, ಅಪ್ಪನನ್ನು ಬೈಯುತ್ತಲೇ ಕೆಚ್ಚುತ್ತಿದ್ದಳು. ಕಡೆಯ ಹಾಸು ಅರ್ಧವಾದಾಗ ಎದೆನೋವೆಂದು ಎದ್ದವಳು ದವಾಖಾನೆಯಿಂದ ತಿರುಗಿ ಬರಲಿಲ್ಲ.

"ಕುಣಿ ಮುಚ್ಚಿ ಫರಸಿ ಹಾಕಿಸಿಬಿಡೂಣು. ಅಪ್ಪ ಇನ್ನೇನ್ ನೇಯ್ತಾನ?" ಎಂದ ತಮ್ಮ, ಅಪ್ಪನ ಎದುರಿಗೇ. ನನಗೆ ಮೈಯೆಲ್ಲ ಉರಿಯಿತು.

"ಬಾಯಿ ಮುಚ್ಚಲೇ. ಉಳದದ್ದು ನಾ ಕೆಚ್ಚತೇನಿ. ಅಪ್ಪ ನೇಯ್ತಾನ."

ಚಿಕ್ಕಂದಿನಲ್ಲಿ ಅವ್ವನಿಂದ ಕಲಿತದ್ದು. ಕೈ ಮರೆತಿತ್ತು. ಎಳೆ ಜಾರುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಅಪ್ಪ ನಕ್ಕ. "ನಿಮ್ಮವ್ವ ಇದ್ದಿದ್ರ ಕೈ ಮ್ಯಾಲ ಒಂದ್ ಕೊಡತಿದ್ಲು" ಎಂದ. ಎಷ್ಟೋ ತಿಂಗಳ ಮೇಲೆ ಅವನ ನಗು ಕೇಳಿ ನನಗೆ ಹುರುಪು ಬಂತು. ಮೂರನೆಯ ದಿನ ಸಂಜೆ ಕಡೆಯ ಎಳೆಯೂ ಕೂಡಿತು.

"ಆತು, ಅಪ್ಪಾ. ಇನ್ನ ಎಳಿ."

ಅಪ್ಪ ಕುಣಿಗಿಳಿದ. ಎಳೆಯಲಿಲ್ಲ. ನಾನು ಕೆಚ್ಚಿದ ಕಡೆಯಿಂದ ಬೆರಳಾಡಿಸುತ್ತ ಹೋಗಿ ನಡುವೆ ನಿಂತ.

"ಇಲ್ಲಿಂದ ಆಕಿದು" ಎಂದ. ಅವ್ವ ಹೊಸೆದ ಎಳೆಗಳು ಸಣ್ಣಗೆ, ಗಟ್ಟಿಯಾಗಿದ್ದವು. ಅವಳ ಬೂದಿ ಇನ್ನೂ ಹತ್ತಿಕೊಂಡೇ ಇತ್ತು.

"ಅಪ್ಪಾ, ಎಳಿಯೂದಿಲ್ಲೇನ?"

"ಎಳದ್ರ ಇದೆಲ್ಲಾ ಹಣಿಗಿ ದಾಟಿ ಮುಂದ ಬರತೈತಿ ಯವ್ವಾ. ಸೀರಿಯಾಗ ಬಿಡಾಕ ಬರೂದಿಲ್ಲ. ಕತ್ತರಿಸಿ ಒಗಿಬೇಕು."

ಅಪ್ಪ ಎರಡೂ ಕೈ ಊರಿ ಕುಣಿಯಿಂದ ಮೇಲೆ ಬಂದ, ಧೋತರ ಝಾಡಿಸಿಕೊಂಡ.

"ಕೇಳಿದ್ದಿಯಲ್ಲ, ಕೆಲಸಾ ಯಾವಾಗ ಬಿಟ್ಟಿ ಅಂತ? ಬರಕೋ. ಇವತ್ತ."