ರಾಜನ ನೆಗೆತ

ಜುಗೂಳದ ನಮ್ಮ ಮನೆಯಲ್ಲಿ ಬುದ್ಧಿಬಳದ, ಅಂದರೆ ಚದುರಂಗದ, ರಾಜನಿಗೆ ಒಂದು ಸವಲತ್ತಿತ್ತು. ಎದುರಾಳಿ ಶಹ ಎಂದು ಚೆಕ್ ಕೊಡುವ ಮೊದಲು ಅವನು ಒಂದೇ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. "ಒಮ್ಮೆರ ಹಾರದಾಂವ ಎಂಥಾ ರಾಜಾ ಬೇ?" ಎನ್ನುತ್ತಿದ್ದ ಅಜ್ಜ. ಜಗತ್ತೆಲ್ಲ ಹಾಗೇ ಆಡುತ್ತದೆ ಅಂದುಕೊಂಡಿದ್ದೆ. ಅಜ್ಜ ಹೋದ ಮೇಲೆ ನನ್ನ ಜೊತೆ ಆಡಲು ಯಾರೂ ಉಳಿಯಲಿಲ್ಲ. ಅಪ್ಪನಿಗೆ ಕಬ್ಬು, ಅಣ್ಣನಿಗೆ ಕ್ರಿಕೆಟ್. ಹಲಗೆಯ ಆಚೆ ಕೂರುವ ಒಂದು ಜೀವ ಸಿಕ್ಕೀತೆಂದೇ ಏಳನೆಯ ತರಗತಿಯಲ್ಲಿ ಅಥಣಿಯ ಮಕ್ಕಳ ಪಂದ್ಯಕ್ಕೆ ಹೆಸರು ಕೊಟ್ಟೆ.

ಮೊದಲ ಆಟಕ್ಕೆ ಎದುರು ಕೂತವಳು ನಿಪ್ಪಾಣಿಯ ಹುಡುಗಿ, ನನ್ನದೇ ವಯಸ್ಸು. ಎರಡು ಜಡೆ, ಉಗುರು ಕಚ್ಚುವ ಚಟ. ಅವಳ ಆನೆ, ಒಂಟೆ ಸೇರಿ ನನ್ನ ರಾಜನನ್ನು ಮೂಲೆಗೆ ಒತ್ತತೊಡಗಿದಾಗ ಹಿಂದೆಮುಂದೆ ನೋಡದೆ ಅವನನ್ನು ನೆಗೆಸಿಬಿಟ್ಟೆ. ಅವಳು ತುಸು ಯೋಚಿಸಿ, ಏನೂ ಆಗದವಳಂತೆ ತನ್ನ ವಜೀರನನ್ನು ನಡೆಸಿದಳು. ತಕರಾರು ತೆಗೆದದ್ದು ಪಕ್ಕದಲ್ಲಿ ನಿಂತಿದ್ದ ಪಂಚರು. ಇದೆಂಥ ಆಟವೆಂದು ಇಬ್ಬರನ್ನೂ ಗದರಿಸಿ, ಅವಳ ವಜೀರನನ್ನೂ ನನ್ನ ರಾಜನನ್ನೂ ಹಳೆಯ ಮನೆಗಳಿಗೇ ತಂದಿಟ್ಟು, ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದರು. ಒಂದು ಮನೆ ಸರಿಸಿದೆ. ಸೋತೆ. ಆ ಪುಣ್ಯಾತ್ಮರ ಮೇಲಿನ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಕೈಕುಲುಕುವಾಗ ಹುಡುಗಿ ಮೆಲ್ಲಗೆ ಕೇಳಿದಳು: "ನಿಮ್ಮನ್ಯಾಗೂ ರಾಜಾ ಹಾರತಾನೇನ? ನಮ್ಮ ಆಜೋಬಾನೂ ಹಂಗ ಕಲಿಸ್ಯಾರ."

ಅವಳಿಗೂ ಅಂಥದೇ ಒಬ್ಬ ಅಜ್ಜ. ನನಗೆ ಅಳು ಬಂತು. ಸೋತದ್ದಕ್ಕಲ್ಲ.

ಊಟದ ಬಿಡುವಿನಲ್ಲಿ ಇಬ್ಬರೂ ಚಪಾತಿ ಸುರುಳಿ ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಹಲಗೆ ಹಾಸಿ ಮನೆಯ ಆಟ ಹೂಡಿದೆವು. ಅವಳ ರಾಜ ಬೇಗನೇ ನೆಗೆದ. ನಾನು ಮಾತ್ರ ಜುಗ್ಗರ ಹಾಗೆ ನನ್ನ ನೆಗೆತವನ್ನು ಉಳಿಸಿಕೊಂಡೇ ಆಡಿದೆ. ಆ ಆಟ ಮುಗಿಯುವುದೇ ನನಗೆ ಬೇಡವಾಗಿತ್ತು. ಅಷ್ಟರಲ್ಲಿ ಮುಂದಿನ ಸುತ್ತಿಗೆ ಕರೆದರು. ಕಾಯಿಗಳನ್ನು ಡಬ್ಬಿಗೆ ತುಂಬುವ ಮೊದಲು ಅವಳು, "ಹಿಂಗ ನೆನಪಿಟ್ಕೊ, ಸಂಜಿಕ ಮುಗಿಸೂಣು," ಎಂದಳು.

ಸಂಜೆ ನಾನು ಹೊರಗೆ ಬರುವಷ್ಟರಲ್ಲಿ ನಿಪ್ಪಾಣಿಯ ಮಕ್ಕಳನ್ನು ತುಂಬಿಕೊಂಡು ಜೀಪು ಹೊರಟುಹೋಗಿತ್ತು. ಆಮೇಲೆ ಚಿಕ್ಕೋಡಿ, ರಾಯಬಾಗ ಎಂದು ಪಂದ್ಯ ಇದ್ದಲ್ಲೆಲ್ಲ ಹೋದೆ. ಗೆಲ್ಲುವ ಆಸೆಗಿಂತ ಆ ಎರಡು ಜಡೆಯ ಆಸೆಯೇ ಹೆಚ್ಚು. ಅವಳು ಎಲ್ಲೂ ಸಿಗಲಿಲ್ಲ.

ಈಗ ಫೋನಿನಲ್ಲಿ ಮುಖ ಕಾಣದವರೊಂದಿಗೆ ಆಡುತ್ತೇನೆ. ರಾಜ ಇಕ್ಕಟ್ಟಿಗೆ ಸಿಕ್ಕಾಗ ಬೆರಳು ತಾನಾಗಿ ಕುದುರೆಯ ಮನೆಗೇ ಹೋಗುತ್ತದೆ. ಫೋನು ಒಪ್ಪುವುದಿಲ್ಲ. ಕಟ್ಟೆಯ ಮೇಲಿನ ಆ ಆಟದಲ್ಲಿ ಯಾವ ಕಾಯಿ ಎಲ್ಲಿತ್ತೆಂದು ಇವತ್ತಿಗೂ ಇಟ್ಟು ತೋರಿಸಬಲ್ಲೆ. ನಡೆಸುವ ಸರದಿ ಅವಳದು. ನನ್ನ ರಾಜ ಇನ್ನೂ ನೆಗೆದಿಲ್ಲ.